ಚಿತ್ರಕ್ಕೆ ಬಾರದ ನೆಲಮಾಳಿಗೆ

ಎರಡು ವರ್ಷಗಳ ಹಿಂದೆ ಇದೇ ಅಂಕಣದಲ್ಲಿ, ಕುಂಡದೊಳಗೆ ಚಳಿಗಾಲ ಕಳೆಯುವ ಕರಿಬೇವಿನ ಬಗೆಗೆ ಬರೆದಿದ್ದೆ. ಈ ಬಾರಿ ಮನೆಯ ವಿಚಾರ. ಮನೆಯದೆನ್ನುವುದಕ್ಕಿಂತ, ಮಾರಾಟಕ್ಕಿಟ್ಟ ಮನೆಯ ಚಿತ್ರಗಳ ವಿಚಾರ.

2021ರ ವಸಂತದಲ್ಲಿ ನನ್ನ ಮಗ-ಸೊಸೆ ನ್ಯೂಜೆರ್ಸಿಯಲ್ಲಿ ಮನೆ ಹುಡುಕುತ್ತಿದ್ದರು. ಕೊರೋನಾ ಕಾಲ, ಮನೆಗಳು ವಿರಳ, ಕೊಳ್ಳುವವರು ಹಲವರು. ಪೈಪೋಟಿಯಲ್ಲಿ ಗೆಲ್ಲಲು ಇನ್‌ಸ್ಪೆಕ್ಷನ್ನನ್ನೇ ಬಿಟ್ಟುಕೊಟ್ಟವರು ಆಗ ಅನೇಕರು; ನಮ್ಮವರೂ ಅದೇ ಹಾದಿ ಹಿಡಿದರು. ಅವರು ಕಳುಹಿಸಿದ 34 ಚಿತ್ರಗಳನ್ನು ಓಹಾಯೋದಲ್ಲಿ ಕುಳಿತು ನೋಡಿದ ನಾನು, “ಲಕ್ಷಣವಾಗಿದೆ ಕಣಪ್ಪಾ, ತಡಮಾಡಬೇಡ” ಎಂದೆ. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಅಡುಗೆಮನೆಯದೇ ಒಂಬತ್ತು ಚಿತ್ರಗಳಿದ್ದವು. ನೆಲಮಾಳಿಗೆಯದು ಒಂದೇ, ಅದೂ ಹೊಸ ಕಾರ್ಪೆಟ್ ಹಾಸಿದ ಮೂಲೆ.

ಸೆಪ್ಟೆಂಬರ್ 1ರ ರಾತ್ರಿ ಐಡಾ ಚಂಡಮಾರುತದ ಶೇಷ ಮಳೆ ಸುರಿದಾಗ ಆ ಕಾರ್ಪೆಟ್ ಮೊಣಕಾಲುದ್ದ ನೀರಿನಲ್ಲಿ ಮುಳುಗಿತು. ಅದು ಅಪರೂಪದ ಮಳೆಯೆಂಬುದು ನಿಜ. ಆದರೆ ಗೋಡೆಯ ಹಲಗೆ ಕಿತ್ತಾಗ ಕಂಡ ಬಿಳಿ ಉಪ್ಪಿನ ಪಟ್ಟೆಗಳು ಹಳೆಯವು. ಸಾಮಾನ್ಯ ಗೃಹವಿಮೆ ನೆರೆಹಾನಿಯನ್ನು ಭರಿಸುವುದಿಲ್ಲ. ಅದಕ್ಕೆ ಪ್ರತ್ಯೇಕ ವಿಮೆ ಬೇಕು, ಇವರಲ್ಲಿ ಅದಿರಲಿಲ್ಲ. ಮೊಮ್ಮಗಳಿಗೆಂದು ಕೂಡಿಟ್ಟ ಹಣವೆಲ್ಲ ಆ ಗೋಡೆಗಳಿಗೆ ಹೋಯಿತು.

ಚಿತ್ರಗಳು ಸುಳ್ಳಾಡಿರಲಿಲ್ಲ ಎಂಬುದೇ ಸೋಜಿಗ. ವಧುಪರೀಕ್ಷೆಗೆ ಮೊದಲು ಸ್ಟುಡಿಯೋಗೆ ಹೋಗಿ ಫೋಟೋ ತೆಗೆಸಿಕೊಂಡ ನಮ್ಮ ತಲೆಮಾರಿನವರಿಗೆ ಇದನ್ನು ವಿವರಿಸಬೇಕಿಲ್ಲ! ಅಗಲ ನೋಟದ ಮಸೂರ ಕೋಣೆಯನ್ನು ಹಿಗ್ಗಿಸುತ್ತದೆ. ಇಲ್ಲಿನ ಒಲೆಯ ಅಗಲ ಸಾಮಾನ್ಯವಾಗಿ 30 ಅಂಗುಲ. ಚಿತ್ರದಂಚಿನಲ್ಲಿ ಅದು ಮಂಚದಷ್ಟು ಅಗಲ ಕಂಡರೆ ಕೋಣೆಯೂ ಅಷ್ಟೇ ಉಬ್ಬಿದೆಯೆಂದು ತಿಳಿಯಬೇಕು. ಖಾಲಿ ಕೋಣೆಗೆ ಕಂಪ್ಯೂಟರಿನಲ್ಲೇ ಸೋಫಾ ಹಾಕುವುದೂ ಉಂಟು. ಇಂಥ ತಿದ್ದುಪಡಿಯನ್ನು ಜಾಹೀರಾತಿನಲ್ಲಿ ಒಪ್ಪಿಕೊಂಡು, ಮೂಲ ಚಿತ್ರವನ್ನೂ ತೋರಿಸಬೇಕೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2026ರ ಜನವರಿ 1ರಿಂದ ಜಾರಿಗೆ ಬಂದಿದೆ. ಆದರೆ ಬೆಳಕು-ಬಣ್ಣಗಳ ಹೊಂದಾಣಿಕೆ, ಅಂಚು ಕತ್ತರಿಸುವಿಕೆ ಅದರ ವ್ಯಾಪ್ತಿಗೆ ಹೊರಗು. ತೇವದ ಕಲೆ ಅಡಗಲು ಅಷ್ಟು ಸಾಲದೇ? ತೆಗೆಯದೇ ಬಿಟ್ಟ ಚಿತ್ರಕ್ಕಂತೂ ಕಾನೂನೇ ಇಲ್ಲ.

ಹಾಗೆಂದು ಚಿತ್ರಗಳು ನಿಷ್ಪ್ರಯೋಜಕವಲ್ಲ. ತೋರಿಸಬೇಕೆಂದಿರದದ್ದೂ ಅವುಗಳಲ್ಲಿ ನುಸುಳಿರುತ್ತದೆ: ಮೂಲೆಯಲ್ಲಿ ತೇವ ಹೀರುವ ಯಂತ್ರ, ವಾಟರ್ ಹೀಟರಿನ ಬುಡದ ತುಕ್ಕು, ಸೂರಿನಲ್ಲಿ ಬೇರೆಯೇ ಬಿಳುಪಿನ ಒಂದು ತೇಪೆ. ಹಿಂದಿನ ಮಾರಾಟದ ಚಿತ್ರಗಳು ದೊರೆತರೆ ಹೋಲಿಸಿ ನೋಡುವುದು ಲೇಸು. ಮುಗ್ಗಲು ವಾಸನೆಗೆ ಮಾತ್ರ ಮೂಗನ್ನೇ ಒಯ್ಯಬೇಕು.

ಮೊನ್ನೆ ಸೊಸೆಯ ತಂಗಿ, ನಮ್ಮೂರಿನಲ್ಲೇ ಇರುವವಳು, ಒಂದು ಮನೆಯ ಚಿತ್ರಗಳನ್ನು ಕಳುಹಿಸಿ, “ಹೇಗಿದೆ, ಆಂಟಿ?” ಎಂದಳು. ಚೆನ್ನಾಗಿಯೇ ಇದ್ದವು. ಶುಕ್ರವಾರ ಮಳೆಯಿದೆಯಂತೆ, ಶನಿವಾರ ಬೆಳಿಗ್ಗೆ ಇಬ್ಬರೂ ಹೋಗಿ ನೋಡಿಬರೋಣವೆಂದು ಹೇಳಿದ್ದೇನೆ.