ಮತ್ತೆ ಮತ್ತೆ ಕರೆಯದ ಆಟಗಳು

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರ ಅರಸೀಕೆರೆ, ಬೇಲೂರು, ಹಳೇಬೀಡಿನ ಮನೆಗಳಲ್ಲಿ ಉಡುಗೊರೆಯ ಮಾತು ಏಳುತ್ತದೆ. ಬೆಂಗಳೂರಿನ ಚಿಕ್ಕಪ್ಪ ಹೊಸ ಮೊಬೈಲ್ ಕೊಡಿಸುತ್ತೇನೆ ಅನ್ನುತ್ತಾರೆ. ಮೇಷ್ಟ್ರಾಗಿದ್ದ ತಾತ ಪುಸ್ತಕ ಕೊಡಿ ಅನ್ನುತ್ತಾರೆ. ಕಂಪ್ಯೂಟರ್ ಆಟ ಕೊಡಿ ಅಂದವರನ್ನು ನಾನು ಕಂಡಿಲ್ಲ. ಅದರಲ್ಲೂ 1980ರ ದಶಕದ ಆಟ! ತಾತನ ಮೇಲೆ ಪೂರ್ಣ ಗೌರವವಿಟ್ಟುಕೊಂಡೇ ನಾನು ಅದನ್ನು ಶಿಫಾರಸು ಮಾಡುತ್ತೇನೆ.

ತಾತನ ಭಯಕ್ಕೆ ಆಧಾರವಿದೆ. ಹಣ ಕಟ್ಟಿ ಆಡುವ ಆಟಗಳಿಂದ ಸಂಸಾರಗಳು ಸಾಲಕ್ಕೆ ಬಿದ್ದದ್ದನ್ನು ಕಂಡ ಮೇಲೆಯೇ ಸಂಸತ್ತು 2025ರ ಆಗಸ್ಟ್‌ನಲ್ಲಿ ಅವನ್ನು ನಿಷೇಧಿಸುವ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ಹಣ ಕೇಳದ ಮೊಬೈಲ್ ಆಟಗಳಲ್ಲೂ ಎಷ್ಟೋ ಸಾಧುವಾದವೇನಲ್ಲ: ಇವತ್ತು ಬಂದರೆ ಬಹುಮಾನ, ನಾಳೆ ಬಾರದಿದ್ದರೆ ನಷ್ಟ, ನಡುನಡುವೆ ಜಾಹೀರಾತು. ಮಗು ಮರಳಿ ಬಂದಷ್ಟೂ ಕಂಪನಿಗೆ ಆದಾಯ. ನಮ್ಮ ಸಿಟ್ಟು ಈ ವ್ಯಾಪಾರದ ಮೇಲಿರಬೇಕು. ಅದನ್ನು ಆಟವೆಂಬುದರ ಮೇಲೆಯೇ ತಿರುಗಿಸಿದಾಗ ನಾವು ಎಡವುತ್ತೇವೆ.

ಮೊದಲ ಪಿಸಿ ಆಟಗಳು ಈ ವ್ಯಾಪಾರಕ್ಕಿಂತ ಹಿಂದಿನವು. (ಕಾಸು ಹಾಕಿ ಆಡುವ ಯಂತ್ರಗಳ ಕಥೆ ಬೇರೆ.) ಫ್ಲಾಪಿಯಲ್ಲಿ ಒಮ್ಮೆ ಮಾರಿದರೆ ಮುಗಿಯಿತು, ಕೊಂಡ ಹುಡುಗಿ ನಾಳೆ ಆಡಿದಳೋ ಬಿಟ್ಟಳೋ, ಮಾಡಿದವನಿಗೆ ಅದರಿಂದ ಬರುವ ದುಡ್ಡೇನೂ ಇಲ್ಲ. ಅವನಿಗೆ ಉಳಿದಿದ್ದ ಕೆಲಸ ಆಟವನ್ನು ಚೆನ್ನಾಗಿ ಕಟ್ಟುವುದು.

1989ರಲ್ಲಿ ಆಪಲ್ 2 ಕಂಪ್ಯೂಟರ್‌ಗೆ ಬಂದ ಪ್ರಿನ್ಸ್ ಆಫ್ ಪರ್ಷಿಯಾವನ್ನೇ ನೋಡಿ. ಅದನ್ನು ಕಟ್ಟಿದ ಜೋರ್ಡನ್ ಮೆಕ್ನರ್ ತನ್ನ ತಮ್ಮ ಓಡುವುದನ್ನು, ಹಾರುವುದನ್ನು ವಿಡಿಯೊ ಮಾಡಿ, ಒಂದೊಂದೇ ಚೌಕಟ್ಟನ್ನು ನೋಡಿಕೊಂಡು ರಾಜಕುಮಾರನ ಚಲನೆಯನ್ನು ಬರೆದ. ಅದಕ್ಕೇ ಆ ಪುಟ್ಟ ಆಕೃತಿಗೆ ಮನುಷ್ಯನ ಮೈಭಾರವಿದೆ. ಎದುರಾಳಿಯೊಬ್ಬನನ್ನು ಸೇರಿಸಬೇಕೆಂದಾಗ ಯಂತ್ರದ ಮೆಮೊರಿಯಲ್ಲಿ ಜಾಗವಿರಲಿಲ್ಲ. ರಾಜಕುಮಾರನ ಚಿತ್ರಗಳನ್ನೇ ತುಸು ಸರಿಸಿ, ಒಂದರ ಮೇಲೊಂದು ಕೂಡಿಸಿದಾಗ ಮಸುಕಾದ ನೆರಳೊಂದು ಹುಟ್ಟಿತು. ಕಥೆಯಲ್ಲಿ ಅದು ಕನ್ನಡಿಯಿಂದ ಹೊರಬರುತ್ತದೆ. ನೆರಳಿಗೆ ಹೊಡೆದರೆ ಪೆಟ್ಟು ನಮಗೇ. ಕತ್ತಿಯನ್ನು ಒರೆಗೆ ಸೇರಿಸಿದರೆ ಮಾತ್ರ ಮುಂದೆ ದಾರಿ. ಇದನ್ನು ಆಟ ಎಲ್ಲೂ ಹೇಳಿಕೊಡುವುದಿಲ್ಲ (ಉಡುಗೊರೆ ಪಡೆದವರಿಗೆ ನೀವೂ ಹೇಳಬೇಡಿ). ಕತ್ತಿ ಇಳಿಸಬೇಕೆಂದು ತಾನೇ ಕಂಡುಕೊಂಡ ಮಗುವಿಗೆ ಸಿಕ್ಕಿದ್ದು ಒಳ್ಳೆಯ ಕಥೆ ಕೊಡುವಂಥ ಅನುಭವವೇ. ಇಂಗ್ಲಿಷ್ ಬಾರದೆಯೂ ಅದು ಸಿಗುತ್ತದೆ. ಇಡೀ ಆಟಕ್ಕೆ 60 ನಿಮಿಷಗಳ ಗಡುವು. ಅದು ಮುಗಿದರೆ ಆಟವೂ ಮುಗಿಯಿತು.

ಆಟದ ಮೊದಲ ತೆರೆಯಲ್ಲಿ ಮೆಕ್ನರ್ ಹೆಸರಿದೆ. ಬೇಲೂರಿನ ಮದನಿಕೆಗಳಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದನ್ನು ಮಕ್ಕಳಿಗೆ ತೋರಿಸುತ್ತೇವಲ್ಲ, ಹಾಗೆಯೇ ಇದನ್ನೂ ತೋರಿಸಬಹುದು: ಇದನ್ನು ಒಬ್ಬ ಮನುಷ್ಯ ಮಾಡಿದ, ವರ್ಷಗಟ್ಟಲೆ ಕೂತು ಮಾಡಿದ. 2012ರಲ್ಲಿ ಹಳೆಯ ಡಿಸ್ಕುಗಳು ಮೆಕ್ನರ್ ತಂದೆಗೆ ಸಿಕ್ಕವು; ಮಗ ಆಟದ ಮೂಲ ಕೋಡನ್ನು ಎಲ್ಲರೂ ಓದುವಂತೆ ಪ್ರಕಟಿಸಿದ. ಪಿಯುಸಿಯಲ್ಲಿ ಕಂಪ್ಯೂಟರ್ ಸೈನ್ಸ್ ತೆಗೆದುಕೊಳ್ಳುವವರಿಗೆ ಇದು ಎರಡನೆಯ ಉಡುಗೊರೆ.

ಇದರ ಬದಲು ಅಳಗುಳಿ ಮನೆ, ಚೌಕಾಬಾರ ಕೊಡಬಾರದೇ ಎಂದು ಹಿರಿಯರು ಕೇಳಬಹುದು. ಖಂಡಿತ ಕೊಡಿ. ಆದರೆ ಅವಕ್ಕೂ ಕಂಪ್ಯೂಟರ್ ಆಟಗಳಿಗೂ ನಡುವೆ ಗೋಡೆ ಕಟ್ಟಬೇಡಿ. ಚದುರಂಗದ ಕುದುರೆ 64 ಮನೆಗಳನ್ನೂ ಒಮ್ಮೊಮ್ಮೆ ಮಾತ್ರ ಮುಟ್ಟಿ ಬರುವ ದಾರಿಗಳನ್ನು ಮುಮ್ಮಡಿ ಕೃಷ್ಣರಾಜ ಒಡೆಯರು ಕೂತು ಹುಡುಕಿದ್ದರು. ಆಟ ಅವರಿಗೆ ಹಗುರವಾದ ವಿಷಯವಾಗಿರಲಿಲ್ಲ. 1984ರಲ್ಲಿ ಮಾಸ್ಕೊದ ಅಲೆಕ್ಸೈ ಪಜಿತ್ನೊವ್ ಟೆಟ್ರಿಸ್ ಕಟ್ಟಿದ್ದೂ ಚೌಕದ ತುಂಡುಗಳನ್ನು ಜೋಡಿಸುವ ಹಳೆಯ ಒಗಟೊಂದರಿಂದಲೇ.

ಅರಸೀಕೆರೆಯ ಮಗುವಿಗಂತೂ ನಾನು ಮೊದಲು ಹೇಳುವುದು 1989ರ ಸಿಮ್‌ಸಿಟಿ. ಮನೆ, ಅಂಗಡಿ, ಕಾರ್ಖಾನೆಗಳಿಗೆ ಜಾಗ ಗುರುತಿಸಬೇಕು, ರಸ್ತೆ, ರೈಲು, ಕರೆಂಟು ಎಳೆಯಬೇಕು. ತೆರಿಗೆ ಏರಿಸಿದರೆ ಜನ ಊರು ಬಿಡುತ್ತಾರೆ. ಕೊಬ್ಬರಿ ಮಾರುಕಟ್ಟೆಯನ್ನೂ ಜಂಕ್ಷನ್ನನ್ನೂ ದಿನಾ ನೋಡುವ ಮಗು ಇಲ್ಲಿ ಕೇಳುವ ಪ್ರಶ್ನೆಗಳು ಊರಿನ ಬಗ್ಗೆಯೇ ಆಗಿರುತ್ತವೆ. ಗೆಲುವು ಸೋಲು ಇಲ್ಲದ ಆಟವೆಂದು ಪ್ರಕಾಶಕರು ಮೊದಲು ಹಿಂಜರಿದಿದ್ದರು. ನಿಜ, ಇದಕ್ಕೆ ಕೊನೆಯಿಲ್ಲ, ಮಗು ಗಂಟೆಗಟ್ಟಲೆ ಕೂತೀತು. ಗಡಿಯಾರ ನೋಡುವ ಕೆಲಸ ದೊಡ್ಡವರದೇ. ಆದರೂ ಮುಚ್ಚಿಟ್ಟ ಮೇಲೆ ಅದು ರಾತ್ರಿ ಹನ್ನೊಂದಕ್ಕೆ ಸಂದೇಶ ಕಳಿಸಿ ಎಬ್ಬಿಸುವುದಿಲ್ಲ.

ಖರ್ಚಿನ ಚಿಂತೆ ಹೆಚ್ಚಿಲ್ಲ. ಸಿಮ್‌ಸಿಟಿಯ ಕೋಡು 2008ರಲ್ಲಿ ಮೈಕ್ರೊಪೊಲಿಸ್ ಎಂಬ ಹೆಸರಿನಲ್ಲಿ ಮುಕ್ತವಾಯಿತು. ಇಂಟರ್ನೆಟ್ ಆರ್ಕೈವ್ 2015ರಲ್ಲಿ ಹಳೆಯ ಪಿಸಿಗಳ ಸುಮಾರು 2,400 ಡಾಸ್ ಆಟಗಳನ್ನು ಬ್ರೌಸರ್‌ನಲ್ಲೇ ಆಡುವಂತೆ ಇಟ್ಟಿತು. ಚಿಕ್ಕಪ್ಪ ಬದಿಗಿಟ್ಟ ಹಳೆಯ ಲ್ಯಾಪ್‌ಟಾಪ್ ಧಾರಾಳ ಸಾಕು. ಎರಡೋ ಮೂರೋ ಆಟ ಆರಿಸಿ, ಮೊದಲ ಸಂಜೆ ಮಗುವಿನ ಪಕ್ಕದಲ್ಲಿ ಕೂತು ಕೀಲಿಗಳನ್ನು ತೋರಿಸಿ. ಪ್ರಿನ್ಸ್‌ಗೆ ಬೇಕಾದದ್ದು ಬಾಣದ ಕೀಲಿಗಳು, ಅಂಚು ಹಿಡಿದು ನೇತಾಡಲು ಶಿಫ್ಟ್.