ಹೊಸ್ತಿಲೊಳಗಣ ಸ್ವಾತಂತ್ರ್ಯ

ದೇಶವೊಂದು ಪರಕೀಯರ ಆಳ್ವಿಕೆಯಿಂದ ಬಿಡುಗಡೆ ಹೊಂದಿದ ದಿನವನ್ನು ಚರಿತ್ರಕಾರರು ನಿಖರವಾಗಿ ಗುರುತಿಸಬಲ್ಲರು. ಆದರೆ ಆ ಬಿಡುಗಡೆ ಒಂದೊಂದು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದ ದಿನ ಯಾವುದೆಂದು ಹೇಳುವುದು ಸುಲಭವಲ್ಲ. ಆಳುವವರು ಬದಲಾದಷ್ಟು ಬೇಗ ಮನೆಯ ರೀತಿನೀತಿಗಳು ಬದಲಾಗುವುದಿಲ್ಲ. ಮನೆಯೊಳಗೆ ಬಾರದ ಸ್ವಾತಂತ್ರ್ಯ ಅರ್ಧ ಸ್ವಾತಂತ್ರ್ಯವೇ ಸರಿ. ಈಜಿಪ್ಟ್ ದೇಶದ ಹುದಾ ಶಾರಾವಿಯ ಬಾಳು ಈ ಮಾತಿಗೆ ಒಳ್ಳೆಯ ನಿದರ್ಶನ.

ಹುದಾ ಹುಟ್ಟಿದ್ದು 1879ರಲ್ಲಿ, ನೈಲ್ ನದಿಯ ದಡದ ಮಿನ್ಯಾ ಪ್ರಾಂತದಲ್ಲಿ. ತಂದೆ ಸುಲ್ತಾನ್ ಪಾಷಾ ಅಪಾರ ಜಮೀನುಳ್ಳ ಶ್ರೀಮಂತ, ರಾಜಕಾರಣದಲ್ಲಿಯೂ ಪ್ರಭಾವಶಾಲಿ. 1882ರಲ್ಲಿ ಬ್ರಿಟಿಷರ ಸೈನ್ಯ ಈಜಿಪ್ಟನ್ನು ವಶಪಡಿಸಿಕೊಂಡಿತು. ಅದಾದ ಎರಡು ವರ್ಷಗಳಲ್ಲಿ ತಂದೆ ತೀರಿಕೊಂಡ. ಹುದಾ ಮತ್ತು ಆಕೆಯ ತಮ್ಮ ಉಮರ್ ಕೈರೋ ನಗರದ ದೊಡ್ಡ ಮನೆಯಲ್ಲಿ ಬೆಳೆದರು. ಸಿರಿವಂತರ ಮನೆಗಳಲ್ಲಿ ಹೆಂಗಸರಿಗೆ ಪ್ರತ್ಯೇಕವಾದ ಅಂತಃಪುರವಿತ್ತು. ಹೊರಗೆ ಕಾಲಿಟ್ಟರೆ ಮುಖಕ್ಕೆ ಮುಸುಕು. ಇದು ಮುಸ್ಲಿಮರ ಮನೆಗಳಿಗೆ ಮಾತ್ರ ಸೀಮಿತವಾಗಿರಲಿಲ್ಲ. ನಗರದ ಕ್ರೈಸ್ತ ಮತ್ತು ಯಹೂದಿ ಸಿರಿವಂತರೂ ಇದನ್ನೇ ಅನುಸರಿಸುತ್ತಿದ್ದರು. ಹೊಲದಲ್ಲಿ ದುಡಿಯುವ ರೈತ ಹೆಂಗಸಿಗೆ ಈ ಕಟ್ಟುಪಾಡು ಅಷ್ಟಾಗಿ ಇರಲಿಲ್ಲ. ಆಕೆಯ ಕಷ್ಟಗಳೇ ಬೇರೆ.

ಅಕ್ಕನಿಗೂ ತಮ್ಮನಿಗೂ ಇದ್ದ ಅಂತರ ಹುದಾಳಿಗೆ ಎಳವೆಯಲ್ಲಿಯೇ ತಿಳಿಯಿತು. ತಮ್ಮನಿಗೆ ಕುದುರೆ ಬಂದಾಗ ಆಕೆಯೂ ಒಂದು ಕುದುರೆ ಬೇಕೆಂದಳು. ಹೆಣ್ಣುಮಕ್ಕಳಿಗೆ ಅದು ತಕ್ಕುದಲ್ಲವೆಂಬ ಉತ್ತರ ಬಂತು. ಒಂಬತ್ತು ವರ್ಷ ತುಂಬುವ ವೇಳೆಗೆ ಆಕೆ ಖುರಾನನ್ನು ಕಂಠಪಾಠ ಮಾಡಿದ್ದಳು. ಆದರೆ ಬಾಯಿಗೆ ಬಂದುದರ ಅರ್ಥ ತಿಳಿಯಬೇಕಾದರೆ ಅರಬ್ಬಿ ವ್ಯಾಕರಣ ಬೇಕು. ಅದನ್ನು ಕಲಿಸೆಂದು ಗುರುವನ್ನು ಬೇಡಿದಳು. ನ್ಯಾಯಾಧೀಶಳಾಗಲು ಹೊರಟಿಲ್ಲದ ಹುಡುಗಿಗೆ ವ್ಯಾಕರಣವೇಕೆಂದು ಅಂತಃಪುರದ ಮೇಲ್ವಿಚಾರಕ ಆ ಪುಸ್ತಕವನ್ನು ಹಿಂದಕ್ಕೆ ಕಳುಹಿಸಿಬಿಟ್ಟ. ಈ ಸಣ್ಣ ಘಟನೆಯನ್ನು ಹುದಾ ಮುಪ್ಪಿನವರೆಗೂ ಮರೆಯಲಿಲ್ಲ.

ಹದಿಮೂರನೆಯ ವಯಸ್ಸಿನಲ್ಲಿ ಆಕೆಯ ಮದುವೆಯಾಯಿತು. ವರ ಹತ್ತಿರದ ಬಂಧುವಾದ ಅಲಿ ಶಾರಾವಿ. ಆಕೆಗಿಂತ ಬಹಳ ಹಿರಿಯ, ಮಕ್ಕಳ ತಂದೆ. ಹುದಾಳ ತಾಯಿ ಒಂದು ಷರತ್ತನ್ನು ಬರೆಸಿಕೊಂಡಿದ್ದಳು: ಹುದಾಳನ್ನು ವರಿಸಿದ ಮೇಲೆ ಅಲಿ ಹಿಂದಿನ ಸಂಗಾತಿಯೊಡನೆ ಬಾಳುವಂತಿಲ್ಲ. ಸ್ವಲ್ಪ ಕಾಲದಲ್ಲಿಯೇ ಆ ಷರತ್ತು ಮುರಿಯಿತು. ಹುದಾ ತವರಿಗೆ ಬಂದಳು. ಮುಂದಿನ ಏಳು ವರ್ಷ ಗಂಡನಿಂದ ದೂರವಾಗಿಯೇ ಇದ್ದು, ಬಿಟ್ಟುಹೋದ ವಿದ್ಯಾಭ್ಯಾಸವನ್ನು ಮುಂದುವರಿಸಿದಳು. ಆಕೆ ಸಂಸಾರವನ್ನು ತಿರಸ್ಕರಿಸಿದವಳಲ್ಲ. ಅಕ್ಕನ ಸಂಸಾರ ಸರಿಹೋಗುವವರೆಗೆ ತಾನು ಮದುವೆಯಾಗುವುದಿಲ್ಲವೆಂದು ತಮ್ಮ ಹಟ ಹಿಡಿದ. 1900ರಲ್ಲಿ ಗಂಡಹೆಂಡಿರು ಒಂದಾದರು. ಮುಂದೆ ಒಬ್ಬ ಮಗಳು, ಒಬ್ಬ ಮಗ ಹುಟ್ಟಿದರು. ಆದರೆ ಹೋದವಳು ಹದಿಮೂರರ ಹುಡುಗಿ. ಮರಳಿ ಬಂದವಳು ತನ್ನ ಮನಸ್ಸನ್ನು ತಾನೇ ಅರಿತ ಹೆಂಗಸು. ಆ ಏಳು ವರ್ಷಗಳೇ ಆಕೆಯ ನಿಜವಾದ ಪಾಠಶಾಲೆ ಎಂದರೆ ತಪ್ಪಾಗಲಾರದು.

ಅಷ್ಟರಲ್ಲಿ ಹೊರಗಿನ ಗಾಳಿ ಬದಲಾಗುತ್ತಿತ್ತು. 1918ರ ನವೆಂಬರ್ 13ರಂದು ಸಾದ್ ಜಗ್ಲೂಲ್ ಇಬ್ಬರು ಸಂಗಡಿಗರೊಡನೆ ಬ್ರಿಟಿಷ್ ಹೈಕಮಿಷನರನ್ನು ಕಂಡು ಸ್ವಾತಂತ್ರ್ಯವನ್ನು ಕೇಳಿದ. ಆ ಇಬ್ಬರಲ್ಲಿ ಅಲಿ ಶಾರಾವಿಯೂ ಒಬ್ಬ. ಮರುವರ್ಷದ ಮಾರ್ಚ್ ತಿಂಗಳಲ್ಲಿ ಜಗ್ಲೂಲನನ್ನು ಮಾಲ್ಟಾ ದ್ವೀಪಕ್ಕೆ ಗಡೀಪಾರು ಮಾಡಲಾಯಿತು. ದೇಶವೆಲ್ಲ ಭುಗಿಲೆದ್ದಿತು. ಮಾರ್ಚ್ 16ರಂದು ಮುಸುಕು ಧರಿಸಿದ ಮಹಿಳೆಯರು ಕೈರೋದ ಬೀದಿಗೆ ಇಳಿದರು. ಹುದಾ ಅವರ ಮುಂದಾಳುಗಳಲ್ಲಿ ಒಬ್ಬಳು. ಸೈನಿಕರು ಸುತ್ತುಗಟ್ಟಿ ಬಿಸಿಲಿನಲ್ಲಿ ನಿಲ್ಲಿಸಿದರೂ ಅವರು ಕದಲಲಿಲ್ಲ. ಆ ಚಳವಳಿಯಲ್ಲಿ ಮುಸ್ಲಿಮರೂ ಕ್ರೈಸ್ತರೂ ಚಂದ್ರಲೇಖೆ ಮತ್ತು ಶಿಲುಬೆ ಎರಡೂ ಇದ್ದ ಬಾವುಟದಡಿಯಲ್ಲಿ ಕೂಡಿದರು. ಅಲಿಯೂ ಪಕ್ಷದ ವ್ಯವಹಾರವನ್ನೆಲ್ಲ ಹೆಂಡತಿಗೆ ತಿಳಿಸುತ್ತಿದ್ದ; ತಾನು ಸೆರೆಯಾದರೆ ಕೆಲಸ ನಿಲ್ಲಬಾರದೆಂಬುದು ಅವನ ಯೋಚನೆ. ಒಮ್ಮೆ ದೂರವಾಗಿದ್ದ ದಂಪತಿಗಳನ್ನು ದೇಶದ ಕೆಲಸ ಸರಿಸಮಾನರನ್ನಾಗಿ ಮಾಡಿತು.

1922ರಲ್ಲಿ ಬ್ರಿಟನ್ ಈಜಿಪ್ಟಿನ ಸ್ವಾತಂತ್ರ್ಯವನ್ನು ಘೋಷಿಸಿತು. ಅದೇ ವರ್ಷ ಅಲಿ ತೀರಿಕೊಂಡ. 1923ರ ಸಂವಿಧಾನದ ಅಡಿಯಲ್ಲಿ ಮತದಾನದ ಹಕ್ಕು ಗಂಡಸರಿಗೆ ಮಾತ್ರ ದೊರೆಯಿತು. ಬೀದಿಯಲ್ಲಿ ಜೊತೆಗೆ ನಡೆದವರನ್ನು ಶಾಸನಸಭೆಯ ಬಾಗಿಲಲ್ಲಿ ಮರೆತದ್ದು ಎಂತಹ ನ್ಯಾಯ? ಹುದಾ ಈ ಪ್ರಶ್ನೆಯನ್ನು ಕೇಳದೆ ಬಿಡಲಿಲ್ಲ. 1923ರ ಮಾರ್ಚ್‌ನಲ್ಲಿ ಈಜಿಪ್ಟಿನ ಮಹಿಳಾ ಸಂಘವನ್ನು ಸ್ಥಾಪಿಸಿದಳು. ರೋಮ್ ನಗರದ ಅಂತರರಾಷ್ಟ್ರೀಯ ಮಹಿಳಾ ಸಮ್ಮೇಳನದಿಂದ ಹಿಂದಿರುಗಿ ಕೈರೋ ರೈಲು ನಿಲ್ದಾಣದಲ್ಲಿ ಇಳಿದಾಗ ಮುಖದ ಮುಸುಕನ್ನು ತೆಗೆದಳು. ತಲೆಯ ವಸ್ತ್ರವನ್ನು ತೆಗೆಯಲಿಲ್ಲ, ಧರ್ಮವನ್ನು ಬಿಡಲಿಲ್ಲ. ಮುಖ ಮುಚ್ಚಬೇಕೆಂಬುದು ರೂಢಿಯೇ ಹೊರತು ಧರ್ಮದ ವಿಧಿಯಲ್ಲವೆಂಬುದು ಆಕೆಯ ನಿಲುವು.

ಆಕೆಯನ್ನು ವಿರೋಧಿಸಿದವರ ಮಾತಿನಲ್ಲಿಯೂ ಒಂದು ನೋವು ಇತ್ತು. ಪರಕೀಯರು ಎಲ್ಲವನ್ನೂ ಕಸಿದುಕೊಂಡ ನಾಡಿನಲ್ಲಿ ಮನೆಯ ಆಚಾರವೊಂದೇ ತಮ್ಮದಾಗಿ ಉಳಿದಿದೆ. ಅದನ್ನೂ ಬಿಟ್ಟರೆ ಉಳಿಯುವುದೇನು ಎಂಬುದು ಅವರ ಅಳಲು. ಅವರ ಅನುಮಾನಕ್ಕೆ ಕಾರಣವೂ ಇತ್ತು. ಈಜಿಪ್ಟನ್ನು ದೀರ್ಘಕಾಲ ಆಳಿದ ಲಾರ್ಡ್ ಕ್ರೋಮರ್ ಅಲ್ಲಿಯ ಮುಸುಕನ್ನು ಹಳಿಯುತ್ತಿದ್ದ. ತನ್ನ ದೇಶಕ್ಕೆ ಹಿಂದಿರುಗಿ ಇಂಗ್ಲೆಂಡಿನ ಹೆಂಗಸರಿಗೆ ಮತದಾನದ ಹಕ್ಕು ಕೊಡಬಾರದೆಂದು ವಾದಿಸುವವರ ನಾಯಕನಾದ! ಇಂತಹವರ ಉಪದೇಶಕ್ಕೂ ಹುದಾಳ ಬೇಡಿಕೆಗೂ ಅಜಗಜಾಂತರವಿದೆ. ಆಕೆ ಆಡಿದ್ದು ಮನೆಮಗಳ ಮಾತು. ಖುರಾನನ್ನು ಕಂಠದಲ್ಲಿ ಧರಿಸಿದವಳ ಮಾತು. ಆಕೆಯ ಸಂಘದ ಮೊದಲ ಪತ್ರಿಕೆ ಫ್ರೆಂಚ್ ಭಾಷೆಯಲ್ಲಿತ್ತು, ಅರಬ್ಬಿ ಪತ್ರಿಕೆ ಬರಲು 1937ರವರೆಗೆ ಕಾಯಬೇಕಾಯಿತು, ಆದ್ದರಿಂದ ಆಕೆಯ ದನಿ ಬಡವರನ್ನು ತಡವಾಗಿ ಮುಟ್ಟಿತು ಎಂಬ ಟೀಕೆಯನ್ನು ಮಾತ್ರ ಒಪ್ಪಲೇಬೇಕು. ಆದರೆ ಆಕೆಗೆ ಅರಬ್ಬಿ ವ್ಯಾಕರಣವನ್ನು ನಿರಾಕರಿಸಿದವರು ಯಾರು ಎಂಬುದನ್ನೂ ಟೀಕಾಕಾರರು ನೆನೆಯಬೇಕು.

ಫಲ ನಿಧಾನವಾಗಿ ಬಂತು. 1923ರ ಕಾನೂನು ಮದುವೆಯ ಕನಿಷ್ಠ ವಯಸ್ಸನ್ನು ಹುಡುಗಿಯರಿಗೆ 16, ಹುಡುಗರಿಗೆ 18 ಎಂದು ನಿಗದಿಮಾಡಿತು. ತನ್ನ ಬಾಲ್ಯವಿವಾಹದ ಕಹಿಯನ್ನು ಉಂಡವಳಿಗೆ ಇದಕ್ಕಿಂತ ದೊಡ್ಡ ಸಮಾಧಾನ ಯಾವುದು? ಆದರೆ ಬಹುಪತ್ನಿತ್ವವನ್ನು ನಿರ್ಬಂಧಿಸಬೇಕೆಂಬ ಬೇಡಿಕೆ ಈಡೇರಲಿಲ್ಲ. 1947ರಲ್ಲಿ ಹುದಾ ಕಣ್ಮುಚ್ಚಿದಾಗಲೂ ಈಜಿಪ್ಟಿನ ಹೆಣ್ಣಿಗೆ ಮತದಾನದ ಹಕ್ಕು ಇರಲಿಲ್ಲ. ಅದು ಬಂದದ್ದು 1956ರಲ್ಲಿ. ನ್ಯಾಯಾಧೀಶಳಾಗುವುದಿಲ್ಲವೆಂದು ಹುಡುಗಿಯ ಕೈಯಿಂದ ವ್ಯಾಕರಣವನ್ನು ಕಿತ್ತುಕೊಂಡ ನಾಡಿನಲ್ಲಿ, ಮಹಿಳೆಯೊಬ್ಬಳು ಸರ್ವೋಚ್ಚ ಸಂವಿಧಾನ ನ್ಯಾಯಾಲಯದ ಪೀಠವನ್ನು ಏರಿದ್ದು 2003ರಲ್ಲಿ. ನೂರು ವರ್ಷಗಳಿಗೂ ಮಿಕ್ಕಿ ಕಾಲ ಹಿಡಿಯಿತು! ಅರಸರು ಹೋದರು, ಪರಕೀಯರು ಹೋದರು, ಸಂವಿಧಾನಗಳು ಬದಲಾದವು. ಮನೆಯೊಳಗೆ ಹಾಕಿದ ಬೀಗ ಮಾತ್ರ ಎಲ್ಲಕ್ಕಿಂತ ತಡವಾಗಿ ತೆರೆಯಿತು. ಒಬ್ಬ ಹುಡುಗಿಗೆ ಬೇಡವೆಂದು ಹಿಂದಕ್ಕೆ ಕಳುಹಿಸುವ ಪುಸ್ತಕ ಇಡೀ ನಾಡನ್ನು ಎಷ್ಟು ದೂರ ಹಿಂದಕ್ಕೆ ತಳ್ಳುತ್ತದೆಂಬುದನ್ನು ಯಾವ ದೇಶದ, ಯಾವ ಮನೆಯವರೂ ಮರೆಯಬಾರದು.