ಕಬ್ಬಾಳಿನಲ್ಲಿ ಕಲ್ಲಿಲ್ಲವಂತೆ!

ಕಬ್ಬಾಳಿನ ಬೆಟ್ಟವನ್ನು ಒಮ್ಮೆಯಾದರೂ ನೋಡಿದವರು ಈ ಮಾತು ಕೇಳಿದರೆ ನಗಬೇಕು. ಇಲ್ಲಿ ಕಲ್ಲು ಸಿಗುವುದಿಲ್ಲವಂತೆ! ಹೇಳಿದವರು ಓದಿದವರೇ. ನಮ್ಮ ಮೊಮ್ಮಗಳ ಶಾಲೆಯಲ್ಲಿ ವಸ್ತುಪ್ರದರ್ಶನ ಇತ್ತು. ಶಿಲಾಯುಗದ ಕೈಗೊಡಲಿ ಮಾಡಿ ತರಬೇಕು, ಆದರೆ ಥರ್ಮೊಕೋಲಿನಲ್ಲಿ, ಮೇಲೆ ಬೂದುಬಣ್ಣ ಬಳಿದು. ಕಲ್ಲಿನ ಕೊಡಲಿಯನ್ನು ಕಲ್ಲಿನಲ್ಲೇ ಯಾಕೆ ಮಾಡಬಾರದು ಎಂದು ಕೇಳಿದ್ದಕ್ಕೆ ಎರಡು ಉತ್ತರ ಬಂದವು. ಒಂದು, ಅದಕ್ಕೆ ಫ್ಲಿಂಟ್ ಅನ್ನುವ ಚಕಮಕಿ ಕಲ್ಲೇ ಆಗಬೇಕು, ಅದು ಯೂರೋಪಿನಲ್ಲಿ ಸಿಗುತ್ತದೆ, ನಮ್ಮದು ಬರೀ ಗ್ರಾನೈಟು. ಎರಡು, ಕಲ್ಲು ಒಡೆಯುವುದು ಗಂಡಸರ ಕೆಲಸ, ಹೆಣ್ಣುಮಕ್ಕಳಿಗೆ ಯಾಕೆ ಆ ಉಸಾಬರಿ? ಮೊದಲನೆಯದು ಅರ್ಧ ಸತ್ಯ. ಎರಡನೆಯದು ಶುದ್ಧ ಸುಳ್ಳು.

ಅರ್ಧ ಸತ್ಯವನ್ನೇ ಮೊದಲು ನೋಡೋಣ. ಕಬ್ಬಾಳಿನ ಬೆಟ್ಟ, ರಾಮನಗರದ ಬೆಟ್ಟಗಳು ಎಲ್ಲ ಒಂದೇ ತಾಯಿಯ ಮಕ್ಕಳು. ಭೂವಿಜ್ಞಾನಿಗಳು ಇದನ್ನು ಕ್ಲೋಸ್‌ಪೇಟೆ ಗ್ರಾನೈಟು ಎನ್ನುತ್ತಾರೆ. ಕ್ಲೋಸ್‌ಪೇಟೆ ಎಂದರೆ ರಾಮನಗರದ ಹಳೆಯ ಹೆಸರು, ಬ್ಯಾರಿ ಕ್ಲೋಸ್ ಎಂಬ ಬ್ರಿಟಿಷ್ ಅಧಿಕಾರಿಯ ನೆನಪಿಗೆ ಇಟ್ಟದ್ದು. ಊರು ಆ ಹೆಸರು ಕಳಚಿಕೊಂಡರೂ ಕಲ್ಲು ಇನ್ನೂ ಹೊತ್ತುಕೊಂಡಿದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಈ ಕಲ್ಲು ನೆಲದಾಳದಲ್ಲಿ ನಿಧಾನವಾಗಿ ಆರಿದ್ದರಿಂದ ಹರಳುಗಳು ದಪ್ಪ ದಪ್ಪ. ಕಡಲೆಬೀಜದ ಮಿಠಾಯಿಯನ್ನು ಮುರಿದು ನೋಡಿ. ಬೀಜ ಇರುವ ಕಡೆ ಬಿರುಕು ಅಂಕುಡೊಂಕಾಗಿ ಓಡುತ್ತದೆ. ಅಂಚು ತರಿತರಿಯಾಗುತ್ತದೆ. ಗ್ರಾನೈಟು ಹೀಗೆ. ಅದೇ ಬೀಜ ಹಾಕದ ಬರೀ ಪಾಕ ತಟ್ಟೆಯಲ್ಲಿ ಗಟ್ಟಿಯಾದ ಮೇಲೆ ಒಡೆಯಿರಿ. ಚಿಪ್ಪಿನ ಹಾಗೆ ಬಾಗಿದ ಚೂರು ಏಳುತ್ತದೆ, ಅದರ ಅಂಚು ತುಟಿ ಕುಯ್ಯುವಷ್ಟು ಹರಿತ. ಚಕಮಕಿ ಕಲ್ಲಿನ ಗುಟ್ಟು ಇಷ್ಟೇ. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಕಣ, ಒಳಗೆ ಬಿರುಕಿಲ್ಲದ ಮೈ. ಒಂದು ಕಡೆ ಏಟು ಬಿದ್ದರೆ ಅದರ ಬಲ ಅಡ್ಡಿಯಿಲ್ಲದೆ ಹರಿದು ಹೋಗಬೇಕು.

ಹಾಗಾದರೆ ಹುಡುಕಬೇಕಾದದ್ದು ಫ್ಲಿಂಟ್ ಎಂಬ ಹೆಸರನ್ನಲ್ಲ, ಈ ಗುಣವನ್ನು. ನಮ್ಮ ಕನಕಪುರ ಸೀಮೆಯಲ್ಲಿ ಅದನ್ನು ಹುಡುಕಿದವರಿಗೆ ಎರಡು ಕಲ್ಲು ಸಿಗುತ್ತವೆ. ಮೊದಲನೆಯದು ಬೆಣಚುಕಲ್ಲು. ಹೊಲದ ಬದುವಿನಲ್ಲಿ ಬೆಳ್ಳಗೆ ಹೊಳೆಯುತ್ತದಲ್ಲ, ಮಕ್ಕಳು ಕತ್ತಲಲ್ಲಿ ಒಂದಕ್ಕೊಂದು ಉಜ್ಜಿ ಬೆಳಕು ಬರಿಸಿ ಮೂಸಿ ನೋಡುತ್ತಾರಲ್ಲ, ಅದೇ. ಇದು ಹಟಮಾರಿ ಕಲ್ಲು, ಒಳಗೆ ಬಿರುಕು ಹೆಚ್ಚು, ಹತ್ತರಲ್ಲಿ ಎಂಟು ಪುಡಿಯಾಗುತ್ತವೆ. ಹಾಲಿನಂತೆ ಮಬ್ಬಾದದ್ದಕ್ಕಿಂತ ಗಾಜಿನಂತೆ ತಿಳಿಯಾದದ್ದು ಒಳ್ಳೆಯದು. ಎರಡನೆಯದು ಕರಿಕಲ್ಲು, ಭೂವಿಜ್ಞಾನದ ಡಾಲರೈಟು. ಗ್ರಾನೈಟಿನ ನಡುವೆ ಗೋಡೆಯಂತೆ ಉದ್ದಕ್ಕೆ ಸಾಗಿರುತ್ತದೆ. ಹೊರಗೆ ಕಂದು ತುಕ್ಕಿನ ಸಿಪ್ಪೆ, ಒಳಗೆ ಕಪ್ಪು, ಕೈಗೆ ಭಾರ. ಒಂದರಿಂದ ಇನ್ನೊಂದನ್ನು ಬಡಿದರೆ ಒಳ್ಳೆಯ ಕಲ್ಲು ಕಂಚಿನಂತೆ ಠಣ್ ಎನ್ನುತ್ತದೆ. ಬಿರುಕಿದ್ದದ್ದು ಒಡೆದ ಮಡಕೆಯ ಸದ್ದು ಮಾಡುತ್ತದೆ. ಸಂತೆಯಲ್ಲಿ ಮಡಕೆ ಬಡಿದು ಕೊಂಡ ಹೆಂಗಸಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.

ಇದು ನನ್ನ ಕಲ್ಪನೆಯಲ್ಲ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಸಿಕ್ಕ ಉಗುರಿನಷ್ಟು ಪುಟ್ಟ ಆಯುಧಗಳು ಇದೇ ಬೆಣಚುಕಲ್ಲಿನವು. ಬಳ್ಳಾರಿ ಹತ್ತಿರದ ಸಂಗನಕಲ್ಲಿನಲ್ಲಿ, ಮೂರು ಸಾವಿರ ವರ್ಷಕ್ಕೂ ಹಿಂದೆ, ಜನ ಗ್ರಾನೈಟಿನ ಗುಡ್ಡದ ಮೇಲೇ ಮನೆ ಮಾಡಿಕೊಂಡಿದ್ದರು. ಕೊಡಲಿಗೆ ಮಾತ್ರ ಆ ಗುಡ್ಡವನ್ನು ಸೀಳಿಕೊಂಡು ಹೋದ ಕರಿಕಲ್ಲನ್ನು ಆರಿಸಿದರು. ಅದನ್ನು ಚಕ್ಕೆ ಎಬ್ಬಿಸಿ ಆಕಾರಕ್ಕೆ ತಂದು, ಬಂಡೆಯ ಮೇಲೆ ಉಜ್ಜಿ ಉಜ್ಜಿ ನುಣುಪು ಮಾಡಿದರು. ಉಜ್ಜಿದ ಗುಳಿಗಳು ಬಂಡೆಗಳಲ್ಲಿ ಉಳಿದಿವೆ. ರಾಬರ್ಟ್ ಬ್ರೂಸ್ ಫೂಟ್ ಇದನ್ನು ಹತ್ತೊಂಬತ್ತನೇ ಶತಮಾನದಲ್ಲೇ ಗುರುತಿಸಿದ್ದರು. ಬಳ್ಳಾರಿಯಲ್ಲಿ ಅವರ ಹೆಸರಿನ ಮ್ಯೂಸಿಯಮ್ಮೇ ಇದೆ. ಇನ್ನೂ ಹಿಂದಕ್ಕೆ ಹೋದರೆ ಸುರಪುರ ಸೀಮೆಯ ಹುಣಸಗಿ, ಇಸಾಂಪುರ. ಪ್ರೊ. ಕೆ. ಪದ್ದಯ್ಯನವರು ಅಗೆಸಿದ ಇಸಾಂಪುರದಲ್ಲಿ, ಸುಮಾರು 12 ಲಕ್ಷ ವರ್ಷಗಳ ಹಿಂದೆ, ಗಟ್ಟಿ ಸುಣ್ಣಕಲ್ಲಿನ ಹಾಸು ತಾನಾಗಿಯೇ ಬಿಟ್ಟುಕೊಂಡಿದ್ದ ಜಾಗವನ್ನು ಆರಿಸಿ ಅಲ್ಲೇ ಕೂತು ಕೈಗೊಡಲಿ ಮಾಡಿದ್ದಾರೆ. ಅವರ್ಯಾರೂ ಇಂಗ್ಲೆಂಡಿನಿಂದ ಫ್ಲಿಂಟ್ ತರಿಸಲಿಲ್ಲ. ತಮ್ಮ ಕಾಲ ಕೆಳಗಿನ ಕಲ್ಲನ್ನು ಓದಿದರು.

ಈಗ ಎರಡನೆಯ ಮಾತು. ಪಠ್ಯಪುಸ್ತಕದ ಚಿತ್ರ ನೆನಪಿಸಿಕೊಳ್ಳಿ. ಆದಿಮಾನವ ಗಡ್ಡ ಬಿಟ್ಟುಕೊಂಡು ಕಲ್ಲು ಕುಟ್ಟುತ್ತಿರುತ್ತಾನೆ. ಅವನ ಹೆಂಡತಿ ಬೆಂಕಿಯ ಮುಂದೆ ಮಗುವನ್ನು ಎತ್ತಿಕೊಂಡು ಅವನನ್ನೇ ನೋಡುತ್ತಾ ಕೂತಿರುತ್ತಾಳೆ. ಹನ್ನೆರಡು ಲಕ್ಷ ವರ್ಷ ಅವಳು ಹಾಗೇ ಕೂತಿದ್ದಳೇ? ಸೊಪ್ಪು ಕುಯ್ಯಲು, ಗೆಡ್ಡೆ ಹೆರೆಯಲು, ತೊಗಲು ಸುಲಿಯಲು ಅಂಚು ಬೇಡವೇ? ಬೇಕಾದಾಗಲೆಲ್ಲ ಗಂಡ ಬೇಟೆಯಿಂದ ಬರಲಿ ಎಂದು ಕಾದಿದ್ದಳೇ? ಯಾವ ಕಲ್ಲಿನ ಮೇಲೂ ಮಾಡಿದವರ ಹೆಸರು ಬರೆದಿಲ್ಲ, ಗಂಡು ಎಂದೂ ಬರೆದಿಲ್ಲ. ಆದರೆ ಕಣ್ಣಾರೆ ಕಂಡು ಬರೆದಿಟ್ಟವರಿದ್ದಾರೆ. ನಮ್ಮದೇ ಅಂಡಮಾನಿನಲ್ಲಿ ಹತ್ತೊಂಬತ್ತನೇ ಶತಮಾನದಲ್ಲಿ ಇದ್ದ ಇ. ಎಚ್. ಮ್ಯಾನ್ ಎಂಬ ಬ್ರಿಟಿಷ್ ಅಧಿಕಾರಿ, ಬೆಣಚುಕಲ್ಲಿನಿಂದ, ಆಮೇಲೆ ಸೀಸೆಯ ಗಾಜಿನಿಂದ, ಚಕ್ಕೆ ಎಬ್ಬಿಸುವುದು ಅಲ್ಲಿ ಹೆಂಗಸರ ಪಾಲಿನ ಕೆಲಸ ಎಂದು ದಾಖಲಿಸಿದ್ದಾನೆ. ಆ ಚಕ್ಕೆಗಳಿಂದಲೇ ಅವರು ತಲೆ ಬೋಳಿಸುತ್ತಿದ್ದರು, ಹಚ್ಚೆ ಹಾಕುತ್ತಿದ್ದರು. ಇಥಿಯೋಪಿಯಾದ ಕೊನ್ಸೊ ಜನರಲ್ಲಿ ತೊಗಲು ಹದ ಮಾಡುವ ಕಲ್ಲಿನ ಉಪಕರಣಗಳನ್ನು ಹೆಂಗಸರೇ ಕಲ್ಲು ಹುಡುಕಿ ತಂದು ಮಾಡುತ್ತಿದ್ದುದನ್ನು ಸಂಶೋಧಕರು ನಮ್ಮ ಕಾಲದಲ್ಲೇ ಕುಳಿತು ನೋಡಿದ್ದಾರೆ. 1991ರಲ್ಲಿ ಜೋನ್ ಗೀರೊ ಎಂಬ ಪುರಾತತ್ವಜ್ಞೆ ಈ 'ಕಲ್ಲೆಂದರೆ ಗಂಡು' ಎಂಬ ನಂಬಿಕೆಯನ್ನೇ ಹಿಡಿದು ಜಾಡಿಸಿ ಬರೆದರು. ಅಷ್ಟು ವರ್ಷ ಆಗಿದೆ. ನಮ್ಮ ಚಿತ್ರದ ಹೆಂಗಸು ಮಾತ್ರ ಬೆಂಕಿಯ ಮುಂದಿನಿಂದ ಎದ್ದಿಲ್ಲ.

ಅಂಡಮಾನು ದೂರವಾಯಿತೇ? ಹತ್ತಿರಕ್ಕೇ ಬನ್ನಿ. ಜಲ್ಲಿಯಂತ್ರ ಬರುವ ಮೊದಲು ನಮ್ಮ ರಸ್ತೆಗಳಿಗೆ ಜಲ್ಲಿ ಒಡೆದವರು ಯಾರು? ತಲೆಗೆ ಸೆರಗು ಸುತ್ತಿ, ಬಿಸಿಲಿಗೆ ಗರಿಯ ತಡಿಕೆ ನಿಲ್ಲಿಸಿಕೊಂಡು, ಪಕ್ಕದಲ್ಲಿ ಮಗುವನ್ನು ಮಲಗಿಸಿಕೊಂಡು ಕೂತಿದ್ದವರು ಯಾರು? ಕಲ್ಲನ್ನು ಒಮ್ಮೆ ತಿರುಗಿಸಿ ನೋಡಿ, ಎಲ್ಲಿ ಬಿದ್ದರೆ ಒಂದೇ ಏಟಿಗೆ ಸೀಳುತ್ತದೆ ಎಂದು ಅಲ್ಲಿಗೇ ಸುತ್ತಿಗೆ ಹಾಕುತ್ತಿದ್ದರು. ಈ ವಿದ್ಯೆಗೆ ಸರ್ಟಿಫಿಕೇಟು ಇಲ್ಲ, ಕೂಲಿಯೂ ಗಂಡಸಿಗಿಂತ ಕಮ್ಮಿ. ಮನೆ ಮನೆಗೆ ಬಂದು ಒರಳುಕಲ್ಲಿಗೆ ಉಳಿ ಹೊಡೆದು ಹೋಗುತ್ತಿದ್ದವರಲ್ಲೂ ಹೆಂಗಸರಿದ್ದರು. ಮಿಕ್ಸಿ ಬಂದ ಮೇಲೆ ಅವರನ್ನು ಮರೆತೆವು.

ಕಲ್ಲಿನ ಧೂಳಿನ ಮಾತು ಹೇಳದೆ ಇದನ್ನು ಮುಗಿಸುವ ಹಾಗಿಲ್ಲ. ಬೆಣಚಿನ ಧೂಳು ಶ್ವಾಸಕೋಶಕ್ಕೆ ಹೋದರೆ ಅಲ್ಲೇ ಕಲೆಗಟ್ಟುತ್ತದೆ, ಸಿಲಿಕೋಸಿಸ್. ವಾಸಿಯಾಗುವ ರೋಗವಲ್ಲ. ಇಂಗ್ಲೆಂಡಿನ ಬ್ರಾಂಡನ್ ಎಂಬ ಊರಿನಲ್ಲಿ ಬಂದೂಕಿಗೆ ಚಕಮಕಿ ಕಲ್ಲು ಒಡೆಯುತ್ತಿದ್ದವರು ಈ ಧೂಳಿನಿಂದಲೇ ಅಲ್ಪಾಯುಷಿಗಳಾಗಿ ಸತ್ತರು. ನಮ್ಮ ಕ್ವಾರಿಗಳಲ್ಲಿ ಕೆಮ್ಮುವವರಿಗೆ ಎಷ್ಟೋ ಸಲ ಟಿ.ಬಿ. ಎಂದು ಮಾತ್ರೆ ಕೊಟ್ಟು ಕಳಿಸುತ್ತಾರೆ. ಕನಕಪುರದ, ಚಾಮರಾಜನಗರದ ಕರಿಕಲ್ಲು ಪಾಲಿಶ್ ಮಾಡಿಸಿಕೊಂಡು ಹೊರದೇಶಗಳಲ್ಲಿ ಗೋರಿಕಲ್ಲಾಗಿ ನಿಲ್ಲುತ್ತದೆ. ವ್ಯಾಪಾರದಲ್ಲಿ ಅದಕ್ಕೂ 'ಕಪ್ಪು ಗ್ರಾನೈಟು' ಎಂದೇ ಹೆಸರು, ಅದು ಗ್ರಾನೈಟೇ ಅಲ್ಲದಿದ್ದರೂ! ಸಂಗನಕಲ್ಲಿನ ಗುಡ್ಡಗಳನ್ನೂ ಕ್ವಾರಿ ಕಡಿದಿದೆ. ಒಡೆಯುವ ಮೊದಲು ಅಲ್ಲಿ ಏನಿತ್ತು ಎಂದು ನೋಡುವ ಪುರಸೊತ್ತು ಯಾರಿಗಿದೆ?

ಕಬ್ಬಾಳಿನ ವಿಚಾರದಲ್ಲೂ ಅಷ್ಟೆ. ಬೆಟ್ಟದ ಚರಿತ್ರೆ ಕೇಳಿದರೆ ಸೆರೆಮನೆಯ ಕತೆ ಹೇಳುತ್ತಾರೆ. 1734ರಲ್ಲಿ ದಳವಾಯಿಗಳು ಚಾಮರಾಜ ಒಡೆಯರನ್ನು ಇಲ್ಲಿ ಕೂಡಿ ಹಾಕಿದ್ದು, ಹೈದರ್, ಟಿಪ್ಪುವಿನ ಕಾಲದ ರಾಜಕೈದಿಗಳು. ಎಲ್ಲ ಗಂಡಸರ ಜಗಳ. ಕೆಳಗೆ ಕಬ್ಬಾಳಮ್ಮನಿಗೆ ಹರಕೆ ಹೊತ್ತು ಬರುವ ಸಾವಿರಾರು ಹೆಂಗಸರು ಕಾಲಿಟ್ಟ ಕಲ್ಲು ಯಾವುದು, ಅದರ ವಯಸ್ಸೆಷ್ಟು ಎಂದು ಹೇಳುವ ಒಂದು ಹಲಗೆಯನ್ನೂ ನಾನು ಅಲ್ಲಿ ಕಂಡಿಲ್ಲ.

ನಮ್ಮ ಮೊಮ್ಮಗಳು ಥರ್ಮೊಕೋಲು ಒಯ್ಯಲಿಲ್ಲ. ಕಣ್ಣಿಗೆ ಕನ್ನಡಕ, ಮೂಗಿಗೆ ಒದ್ದೆ ಬಟ್ಟೆ, ತೊಡೆಗೆ ದಪ್ಪ ಗೋಣಿ, ಬಯಲು ಜಾಗ. ಇಷ್ಟಾದ ಮೇಲೆಯೇ ಗುಂಡುಕಲ್ಲು ಕೈಗೆ ಕೊಟ್ಟದ್ದು. ಹೊಲದಲ್ಲಿ ಹಳೆಯ ಕಾಲದ ಚಕ್ಕೆಯೋ ಕೊಡಲಿಯೋ ಕಂಡರೆ ಎತ್ತಿ ತರಬಾರದು, ಇದ್ದಲ್ಲೇ ಫೋಟೋ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಬೇಕು ಎಂದೂ ಹೇಳಿದೆ. ನಾಲ್ಕು ಭಾನುವಾರ, ಒಂದು ಬುಟ್ಟಿ ಬೆಣಚುಚೂರು. ಕೊನೆಗೆ ಹೆಬ್ಬೆರಳಿನಷ್ಟು ಒಂದು ಚಕ್ಕೆ ಸರಿಯಾಗಿ ಎದ್ದಿತು. ಅದರಲ್ಲಿ ಟೊಮೇಟೊ ಕುಯ್ದು ತೋರಿಸಿದಳು. ಶಾಲೆಯವರು ಅದನ್ನು 'ಇತರೆ' ಎಂಬ ಚೀಟಿ ಅಂಟಿಸಿ ಮೇಜಿನ ತುದಿಯಲ್ಲಿಟ್ಟರು. ಬಹುಮಾನ ಥರ್ಮೊಕೋಲಿನ ಕೊಡಲಿಗೇ ಹೋಯಿತು.